ಸರ್ವರ್ ಇಲ್ಲ, ನಾಳೆ ಬಾ

ಅಡಿಕೆ ಸುಲಿಯುವ ಕಾಲ. ಮಲೆನಾಡಿನ ಹೋಬಳಿಯೊಂದರ ಸೊಸೈಟಿ ಅಂಗಡಿಯ ಮುಂದೆ ಜನರ ಬದಲು ಚೀಲಗಳೇ ಸಾಲಾಗಿ ಕೂತಿದ್ದವು. ಚೀಲದ ಒಡೆಯರು ಕಟ್ಟೆಯ ನೆರಳಿನಲ್ಲಿದ್ದರು. ಸರದಿ ಬಂದಾಗ ಒಬ್ಬ ಅಜ್ಜಿ ಎದ್ದು ಹೋಗಿ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರು. ಆಗಲಿಲ್ಲ. ತೋರುಬೆರಳು ಇಟ್ಟರು, ಆಗಲಿಲ್ಲ. ಸೆರಗಿನಲ್ಲಿ ಒರೆಸಿ, ತಲೆಗೂದಲಿಗೆ ಉಜ್ಜಿ ಮತ್ತೆ ಇಟ್ಟರು. ಮೆಟ್ಟುಗತ್ತಿಯ ಮುಂದೆ ಕೂತು ದಿನವಿಡೀ ಹಸಿ ಅಡಿಕೆ ಸುಲಿದ ಬೆರಳುಗಳವು. ಕಲೆ ಕಪ್ಪಗೆ ಕಚ್ಚಿತ್ತು, ಗೆರೆಗಳು ಸವೆದಿದ್ದವು. ಐದನೆಯ ಸಲಕ್ಕೆ ಯಂತ್ರ ಸುತ್ತುತ್ತಲೇ ಉಳಿಯಿತು.

‘ಸರ್ವರ್ ಹೋಯ್ತು ಅಜ್ಜಿ, ನಾಳೆ ಬಾ.’

‘ನಿನ್ನೆನೂ ಹಂಗೇ ಅಂದಿದ್ಯಲ್ಲೋ ಮಾರಾಯ.’

‘ನಾನೇನ್ ಮಾಡ್ಲಿ, ನನ್ ಕೈಲಿ ಏನಿದೆ?’

ಅವನು ಹೇಳಿದ್ದು ಸತ್ಯ. ಅವನ ಕೈಯಲ್ಲಿ ಏನೂ ಇರಲಿಲ್ಲ. ಅಜ್ಜಿ ಖಾಲಿ ಚೀಲ ಮಡಚಿಕೊಂಡು ಹೊರಟರು. ಎರಡು ದಿನದ ಕೂಲಿ ಹೋಗಿತ್ತು, ಅಕ್ಕಿ ಬಂದಿರಲಿಲ್ಲ.

ಮೂವತ್ತು ವರ್ಷಗಳ ಹಿಂದೆ ನಮ್ಮ ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹಿಂತಿರುಗುತ್ತದೆ ಎಂಬ ನಂಬಿಕೆ. ಅಂದು ದೆವ್ವಕ್ಕೆ ಬರೆದಿಟ್ಟ ಮಾತನ್ನು ಇಂದು ನಾವು ಹಕ್ಕುಳ್ಳ ನಾಗರಿಕರಿಗೆ ಹೇಳುತ್ತಿದ್ದೇವೆ. ಇದು ನನ್ನನ್ನು ಕಾಡುತ್ತದೆ.

ಕಳೆದ ಎರಡು ದಶಕಗಳಲ್ಲಿ ‘ಸರ್ವರ್’ ಎಂಬ ಪದ ಅಪ್ಪಟ ಕನ್ನಡದ್ದಾಗಿಬಿಟ್ಟಿದೆ. ‘ಸರ್ವರ್ ಬಂತು’, ‘ಸರ್ವರ್ ಹೋಯ್ತು’ ಎನ್ನುತ್ತೇವೆ, ಮಳೆ ಬಂತು, ಮಳೆ ಹೋಯಿತು ಎಂಬಂತೆ. ಆದರೆ ಸರ್ವರ್ ಮಳೆಯಲ್ಲ. ಅದು ಎಲ್ಲೋ ಒಂದು ಕಟ್ಟಡದಲ್ಲಿರುವ ಯಂತ್ರ. ಒಂದೇ ಸಲಕ್ಕೆ ಎಷ್ಟು ಜನ ಅದರ ಬಾಗಿಲು ತಟ್ಟಬಹುದು ಎಂದು ಯಾರೋ ಲೆಕ್ಕ ಹಾಕಿದ್ದಾರೆ. ಯಾರೋ ಟೆಂಡರ್ ಕರೆದಿದ್ದಾರೆ, ಯಾರೋ ಪರೀಕ್ಷಿಸಿ ಸರಿಯಿದೆ ಎಂದು ಸಹಿ ಹಾಕಿದ್ದಾರೆ, ಯಾರೋ ಬಿಲ್ ಪಾಸು ಮಾಡಿದ್ದಾರೆ. ಪಡಿತರ ಕೊಡುವ ದಿನಗಳಲ್ಲಿ ನೂಕುನುಗ್ಗಲು ಇರುತ್ತದೆ ಎಂಬುದು ಜ್ಯೋತಿಷ್ಯ ಕೇಳಿ ತಿಳಿಯಬೇಕಾದ ಸಂಗತಿಯೂ ಅಲ್ಲ. ಸರ್ವರ್ ಹೋಯಿತು ಎಂದರೆ ಯಾರದೋ ಕೆಲಸ ಕೆಟ್ಟಿದೆ ಎಂದರ್ಥ. ಮಳೆಯ ಭಾಷೆಯಲ್ಲಿ ಮಾತಾಡುತ್ತ ಆ ಯಾರನ್ನೂ ನಾವು ಕೇಳದೆ ಬಿಟ್ಟಿದ್ದೇವೆ.

ಪಹಣಿಯಲ್ಲಿ ಕಂಡ ಬೆಳಕು

ಇದು ಕಂಪ್ಯೂಟರು ಬೇಡ ಎನ್ನುವ ಲೇಖನವಲ್ಲ. ಗ್ರಾಮ ಲೆಕ್ಕಿಗರ ಬಗಲಲ್ಲಿದ್ದ ಪುಸ್ತಕದಲ್ಲಿ ರೈತನ ಭೂಮಿ ಬಂಧಿಯಾಗಿದ್ದ ಕಾಲವನ್ನು ನನ್ನ ತಲೆಮಾರಿನವರು ಕಂಡಿದ್ದಾರೆ. ಒಂದು ಪಹಣಿಗಾಗಿ ವಾರಗಟ್ಟಲೆ ಅಲೆದು, ಕೈ ಬಿಸಿ ಮಾಡಿ, ಕೈ ಮುಗಿದು ಬರಬೇಕಿತ್ತು. 2000ದ ಆಸುಪಾಸಿನಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೆ ಬಂದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪಹಣಿ ಕೈಗೆ ಬಂತು. ದೇಶ ವಿದೇಶದವರು ಬಂದು ನೋಡಿ ಹೋದರು. ಅದು ನಿಜವಾದ ಬಿಡುಗಡೆ.

ಆದರೆ ಅದೇ ಪಹಣಿಯಲ್ಲಿ ಒಂದಕ್ಷರ ತಪ್ಪು ನುಸುಳಿದರೆ? ಕೈಬರಹದ ಕಾಲದಲ್ಲಿ ತಪ್ಪು ಒಂದು ಪುಸ್ತಕದಲ್ಲಿ ಇರುತ್ತಿತ್ತು. ಈಗ ಅದು ಪಹಣಿಯಿಂದ ಬೆಳೆ ವಿಮೆಗೆ, ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಪರಿಹಾರದ ಪಟ್ಟಿಗೆ ಹರಿದು ಹೋಗುತ್ತದೆ. ನಮ್ಮ ಹೆಸರುಗಳ ಪಾಡನ್ನೇ ನೋಡಿ. ಪಹಣಿಯಲ್ಲಿ ‘ಗೌರಮ್ಮ ಕೋಂ ರಾಮಣ್ಣ’, ಆಧಾರ್‌ನಲ್ಲಿ ‘ಗೌರಮ್ಮ ಆರ್’, ಬ್ಯಾಂಕಿನಲ್ಲಿ ‘ಗೌರಿ’. ಊರಿಗೆಲ್ಲ ಅವರು ಒಬ್ಬರೇ ಗೌರಮ್ಮ. ತಂತ್ರಾಂಶಕ್ಕೆ ಮೂವರು. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಮಾಡಿಟ್ಟವರಿಗೆ ಇನಿಷಿಯಲ್ ಇಟ್ಟುಕೊಳ್ಳುವ, ಮನೆತನದ ಹೆಸರೇ ಇಲ್ಲದ, ಊರ ಹೆಸರನ್ನು ಮುಂದೆ ಸೇರಿಸಿಕೊಳ್ಳುವ ನಮ್ಮ ಪದ್ಧತಿ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದವರನ್ನು ಅವರು ಕೇಳಲಿಲ್ಲ. ತಂತ್ರಾಂಶದ ಗುಣಮಟ್ಟ ಎಂದರೆ ನನ್ನ ಮಟ್ಟಿಗೆ ಇದೇ: ಅದು ಯಾರಿಗಾಗಿ ಇದೆಯೋ ಅವರ ಬದುಕನ್ನು ಅದು ಎಷ್ಟು ಅರಿತಿದೆ, ತಪ್ಪಾದಾಗ ಅವರ ಮಾತನ್ನು ಎಷ್ಟು ಬೇಗ ಕೇಳುತ್ತದೆ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ ದೊಡ್ಡ ಪಾಠ ಬ್ರಿಟನ್ನಿನಲ್ಲಿದೆ.

ಅಂಚೆ ಕಚೇರಿಯ ಸುಳ್ಳು ಲೆಕ್ಕ

ಬ್ರಿಟನ್ನಿನ ಹಳ್ಳಿಗಳಲ್ಲಿ ಅಂಚೆ ಕಚೇರಿ ಎಂದರೆ ಹೆಚ್ಚಾಗಿ ಒಂದು ಕಿರಾಣಿ ಅಂಗಡಿ. ಅದರೊಳಗೇ ಒಂದು ಅಂಚೆ ಕೌಂಟರ್. ಅದನ್ನು ನಡೆಸುವವರು ಸಬ್ ಪೋಸ್ಟ್‌ಮಾಸ್ಟರ್‌ಗಳು. ಪಿಂಚಣಿ ಕೊಡುವುದು, ಅಂಚೆಚೀಟಿ ಮಾರುವುದು ಅವರ ಕೆಲಸ. ಊರಿನಲ್ಲಿ ಮರ್ಯಾದೆಯ ಸ್ಥಾನ. ಸಂಜೆ ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಕೈಯಿಂದ ತುಂಬಬೇಕಾದ ಹೊಣೆಯನ್ನು ಒಪ್ಪಂದ ಅವರ ತಲೆಗೆ ಕಟ್ಟಿತ್ತು.

1999ರಿಂದ ಈ ಕೌಂಟರುಗಳಿಗೆ ‘ಹೊರೈಜನ್’ ಎಂಬ ತಂತ್ರಾಂಶ ಬಂತು. ಫುಜಿತ್ಸು ಸಮೂಹಕ್ಕೆ ಸೇರಿದ್ದ ಐಸಿಎಲ್ ಕಂಪನಿ ಕಟ್ಟಿದ್ದು. ಅದು ಬಂದ ಮೇಲೆ ಇಲ್ಲದ ಕೊರತೆಗಳು ಲೆಕ್ಕದಲ್ಲಿ ಕಾಣತೊಡಗಿದವು. ಹ್ಯಾಂಪ್‌ಷೈರ್‌ನ ಹಳ್ಳಿಯೊಂದರ ಜೋ ಹ್ಯಾಮಿಲ್ಟನ್ ಸುಮಾರು 2,000 ಪೌಂಡ್ ಕೊರತೆ ಕಂಡು ಸಹಾಯವಾಣಿಗೆ ಕರೆ ಮಾಡಿದರು. ಅಲ್ಲಿಯವರು ಹೇಳಿದ ಹಾಗೆಯೇ ಗುಂಡಿ ಒತ್ತುತ್ತಿದ್ದಾಗ ಕಣ್ಣೆದುರೇ ಕೊರತೆ ಇಮ್ಮಡಿಯಾಯಿತು. ಹೀಗೆ ಕರೆ ಮಾಡಿದ ಹಲವರಿಗೆ ಸಿಕ್ಕ ಉತ್ತರ ಒಂದೇ: ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ.

ಆ ಸುಳ್ಳಿನ ಕ್ರೌರ್ಯವನ್ನು ಗಮನಿಸಿ. ತೊಂದರೆ ತನಗೊಬ್ಬನಿಗೇ ಎಂದು ನಂಬಿದವನು ಮೊದಲು ತನ್ನನ್ನೇ ಅನುಮಾನಿಸುತ್ತಾನೆ. ಆಮೇಲೆ ಮನೆಯವರನ್ನು, ಕೆಲಸದವರನ್ನು. ಕೊನೆಗೆ ಮನೆ ಅಡವಿಟ್ಟು ಹಣ ತುಂಬುತ್ತಾನೆ. ತುಂಬಲಾಗದವರ ಮೇಲೆ ಕಳವು, ಸುಳ್ಳು ಲೆಕ್ಕದ ಮೊಕದ್ದಮೆ ಬಿತ್ತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಅದರಲ್ಲಿ 700ಕ್ಕೂ ಹೆಚ್ಚು ಮೊಕದ್ದಮೆಗಳನ್ನು ಹೂಡಿದ್ದು ಪೊಲೀಸರಲ್ಲ, ಅಂಚೆ ಸಂಸ್ಥೆಯೇ. ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಕೌಂಟರ್ ನಡೆಸುತ್ತಿದ್ದ ಭಾರತೀಯ ಮೂಲದ ಸೀಮಾ ಮಿಶ್ರಾ ಅವರಿಗೆ 2010ರ ನವೆಂಬರಿನಲ್ಲಿ 15 ತಿಂಗಳ ಸಜೆಯಾಯಿತು. ಅವರು ಆಗ ಬಸುರಿ. ಅಂದು ಅವರ ಮೊದಲ ಮಗನ ಹತ್ತನೆಯ ಹುಟ್ಟುಹಬ್ಬ.

ನ್ಯಾಯಾಲಯಗಳು ಹೇಗೆ ನಂಬಿದವು? ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಮೊದಲು ರುಜುವಾತು ಮಾಡಬೇಕೆಂದಿದ್ದ ಕಾನೂನನ್ನು ಇಂಗ್ಲೆಂಡಿನಲ್ಲಿ 1999ರ ಕಾಯ್ದೆಯೊಂದು ತೆಗೆದುಹಾಕಿತ್ತು. ಅಲ್ಲಿಂದ ಮುಂದೆ ಯಂತ್ರ ಸರಿಯಿದೆ ಎಂದೇ ಹಿಡಿಯಲಾಯಿತು. ತಪ್ಪಿದೆ ಎನ್ನುವವರೇ ಅದನ್ನು ತೋರಿಸಬೇಕಾಯಿತು. ಯಂತ್ರದ ಒಳಗಿನ ದಾಖಲೆಗಳೆಲ್ಲ ಎದುರು ಪಕ್ಷದ ಬಳಿ ಇರುವಾಗ ಹಳ್ಳಿಯ ಅಂಗಡಿಯವರು ತೋರಿಸುವುದಾದರೂ ಏನನ್ನು?

ಆದರೂ ಒಬ್ಬರು ಸುಮ್ಮನಾಗಲಿಲ್ಲ. ವೇಲ್ಸ್‌ನ ಲಾಂಡಡ್ನೊದಲ್ಲಿ ಕೌಂಟರ್ ನಡೆಸುತ್ತಿದ್ದ ಅಲನ್ ಬೇಟ್ಸ್ ತಮ್ಮದಲ್ಲದ ಕೊರತೆಗೆ ಹಣ ತುಂಬಲು ಒಪ್ಪದೆ 2003ರಲ್ಲಿ ಕೆಲಸ ಕಳೆದುಕೊಂಡರು. 2009ರ ಮೇ ತಿಂಗಳಲ್ಲಿ ‘ಕಂಪ್ಯೂಟರ್ ವೀಕ್ಲಿ’ ಪತ್ರಿಕೆ ಅವರನ್ನೂ ಸೇರಿಸಿ ಏಳು ಜನರ ಕಥೆ ಪ್ರಕಟಿಸಿತು. ಅದೇ ವರ್ಷ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಂಗಣದಲ್ಲಿ ನೊಂದವರು ಸೇರಿದರು. ‘ನಿಮಗೊಬ್ಬರಿಗೇ’ ಎಂಬ ಸುಳ್ಳು ಸತ್ತದ್ದು ಆ ಸಭಾಂಗಣದಲ್ಲಿ. 2015ರಲ್ಲಿ ಫುಜಿತ್ಸುವಿನ ಮಾಜಿ ಎಂಜಿನಿಯರ್ ಒಬ್ಬರು ಬಿಬಿಸಿಯ ಮುಂದೆ ಬಾಯಿಬಿಟ್ಟರು: ಸಬ್ ಪೋಸ್ಟ್‌ಮಾಸ್ಟರ್‌ಗಳಿಗೆ ತಿಳಿಯದಂತೆ ದೂರದಿಂದಲೇ ಅವರ ಲೆಕ್ಕದೊಳಗೆ ಕೈಯಾಡಿಸಲು ಸಾಧ್ಯವಿತ್ತು. ಅಂಚೆ ಸಂಸ್ಥೆ ಅದನ್ನು ಅಲ್ಲಗಳೆಯುತ್ತ ಬಂದಿತ್ತು.

555 ಜನ ಒಟ್ಟಾಗಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ತೀರ್ಪಿತ್ತರು. ತಂತ್ರಾಂಶದ ದೋಷಗಳು ಒಂದೊಂದಾಗಿ ಬಯಲಾದವು. ಕೆಲವಕ್ಕೆ ಅವು ಕಾಣಿಸಿಕೊಂಡ ಊರು ಬೀದಿಗಳದೇ ಹೆಸರು: ಕ್ಯಾಲೆಂಡರ್ ಸ್ಕ್ವೇರ್, ಡಾಲ್ಮೆಲಿಂಗ್ಟನ್. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಜೋ ಹ್ಯಾಮಿಲ್ಟನ್, ಸೀಮಾ ಮಿಶ್ರಾ ಸೇರಿ 39 ಜನರ ಶಿಕ್ಷೆ ರದ್ದು ಮಾಡಿತು. 2024ರ ಜನವರಿಯಲ್ಲಿ ಈ ಕಥೆ ಟೆಲಿವಿಷನ್ ನಾಟಕವಾಗಿ ಮನೆಮನೆಗೆ ಬಂದ ಮೇಲಷ್ಟೇ ಸಂಸತ್ತು ಮೈಕೊಡವಿ ಎದ್ದು, ಮೇ ತಿಂಗಳಲ್ಲಿ ಉಳಿದ ಬಹುತೇಕರ ಶಿಕ್ಷೆಗಳನ್ನು ಕಾನೂನಿನ ಮೂಲಕವೇ ಅಳಿಸಿತು. 2025ರ ಜುಲೈನಲ್ಲಿ ಬಂದ ವಿಚಾರಣಾ ವರದಿಯ ಪ್ರಕಾರ, ಈ ಪ್ರಕರಣದಿಂದಾಗಿ ಕನಿಷ್ಠ 13 ಜನ ಜೀವ ಕಳೆದುಕೊಂಡಿರಬಹುದು.

ದೋಷವಿಲ್ಲದ ತಂತ್ರಾಂಶ ಜಗತ್ತಿನಲ್ಲಿ ಇಲ್ಲ. ಹೊರೈಜನ್‌ನ ಅಪರಾಧ ಅದರಲ್ಲಿ ದೋಷ ಇದ್ದದ್ದಲ್ಲ. ದೋಷ ಇದೆ ಎಂದವರನ್ನು ಕಳ್ಳರನ್ನಾಗಿಸಿದ್ದು.

ಯಂತ್ರದ ಮುಂದೆ ಕೂತವರ ಅರಿವು

ತಂತ್ರಾಂಶ ವೃತ್ತಿಯ ಹಳಬರಿಗೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಗೊತ್ತಿರುತ್ತದೆ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಅದು ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಕೆಲವರು ಸತ್ತರು. ಹಾಗಾಗುವುದು ಸಾಧ್ಯವೇ ಇಲ್ಲ ಎಂದು ತಯಾರಕರು ಹೇಳುತ್ತಿದ್ದರು. ಹಳೆಯ ಮಾದರಿಯಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಕಾವಲು ಕೆಲಸವನ್ನೂ ತಂತ್ರಾಂಶಕ್ಕೇ ಒಪ್ಪಿಸಿದ್ದರು. ಟೆಕ್ಸಾಸ್‌ನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ಅಲ್ಲಿನ ಭೌತವಿಜ್ಞಾನಿಯೂ ಯಂತ್ರ ನಡೆಸುವ ಆಪರೇಟರೂ ಪಟ್ಟು ಹಿಡಿದು ಕೂತು ಆ ತಪ್ಪನ್ನು ಮತ್ತೆ ಬರಿಸಿ ತೋರಿಸಿದರು. ಕೈ ಪಳಗಿದ ಆಪರೇಟರ್ ತಾನು ಒತ್ತಿದ್ದನ್ನು ಸರಸರನೆ ತಿದ್ದಿದಾಗ ಮಾತ್ರ ಆ ತಪ್ಪು ಬರುತ್ತಿತ್ತು. ನಿಧಾನವಾಗಿ ಪರೀಕ್ಷಿಸಿದವರಿಗೆ ಅದು ಕಂಡಿರಲಿಲ್ಲ.

ತಂತ್ರಾಂಶದ ನಿಜವಾದ ಪರೀಕ್ಷಕರು ಅದನ್ನು ದಿನವೂ ಬಳಸುವವರು. ಅಡಿಕೆ ಸುಲಿದ ಬೆರಳನ್ನು ಬೆಂಗಳೂರಿನ ಎಸಿ ಕೋಣೆಯಲ್ಲಿ ಯಾರೂ ಪರೀಕ್ಷಿಸಿರಲಾರರು. ಸುಲಿದವರು ಹೇಳಬೇಕು. ಹೇಳಿದ್ದು ಬರೆದುಕೊಳ್ಳುವವರಿಗೆ ತಲುಪಬೇಕು.

ಎಲ್ಲರ ದೂರಿಗೂ ಒಂದೇ ತೂಕವಿಲ್ಲ ಎಂಬುದನ್ನು ನಾವೇ ಕಂಡಿದ್ದೇವೆ. 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಜಾಲತಾಣ ಶುರುವಾಯಿತು. ಕಟ್ಟಿದ್ದು ನಮ್ಮದೇ ಬೆಂಗಳೂರಿನ ಇನ್ಫೊಸಿಸ್. ಮೊದಲ ದಿನದಿಂದಲೇ ತೊಡಕು. ಹಣಕಾಸು ಸಚಿವೆಯೇ ಸಾರ್ವಜನಿಕವಾಗಿ ಕಂಪನಿಯನ್ನು ಪ್ರಶ್ನಿಸಿದರು. ಆಗಸ್ಟ್‌ನಲ್ಲಿ ಅದರ ಮುಖ್ಯಸ್ಥರನ್ನು ದೆಹಲಿಗೆ ಕರೆಸಿದರು. ರಿಟರ್ನ್ ಸಲ್ಲಿಸುವ ಕೊನೆಯ ದಿನವನ್ನು ಡಿಸೆಂಬರ್ 31ರವರೆಗೆ ಮುಂದೂಡಿದರು. ಸರಿಯಾಗಿಯೇ ಮಾಡಿದರು. ಹಾಗೆಯೇ ಆಗಬೇಕು. ಪಡಿತರದ ಯಂತ್ರ ಕೆಟ್ಟಾಗ ಯಾವ ಕಂಪನಿಯ ಯಾವ ಮುಖ್ಯಸ್ಥರನ್ನು ಯಾರು ಕರೆಸಿದರು? ಆ ತಂತ್ರಾಂಶ ಕಟ್ಟಿದವರ ಹೆಸರಾದರೂ ಸಾಲಿನಲ್ಲಿ ಚೀಲ ಇಟ್ಟವರಿಗೆ ಗೊತ್ತೇ?

ನಗರದಲ್ಲಿ ಒಂದು ದಿನದ ಬೆಲೆ

ಜಗತ್ತಿಗೆ ತಂತ್ರಾಂಶ ಬರೆದು ಕೊಡುವ ಬೆಂಗಳೂರಿನಲ್ಲಿ ಬದುಕುವುದೇ ದುಬಾರಿ. ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಇಲ್ಲಿನ ಹಳೆಯ ರೂಢಿ. ಎರಡು ತಿಂಗಳಿಗಿಂತ ಹೆಚ್ಚು ಬೇಡ ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳಿದರೂ ಮನೆ ಹುಡುಕುವವರಿಗೆ ಅದರಿಂದ ನೆಮ್ಮದಿ ಸಿಕ್ಕಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ ದರ 60ರಿಂದ 90 ರೂಪಾಯಿಗೆ ಏರಿತು. ಇಂಥ ಊರಿನಲ್ಲಿ ಗಾರೆ ಕೆಲಸದ ದಂಪತಿಗೆ ಮಗಳ ಶಾಲೆಗಾಗಿ ಜಾತಿ-ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಗೆ ಹೋದರೆ ಸರ್ವರ್ ಇಲ್ಲ. ಹೆಂಡತಿಗೆ ಶಕ್ತಿ ಯೋಜನೆಯಿಂದ ಬಸ್ಸು ಉಚಿತ, ಆದರೆ ಕಳೆದುಹೋದ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಮೂರನೆಯ ಸಲ ಹೋಗುವ ಹೊತ್ತಿಗೆ ಮೇಸ್ತ್ರಿ ಬೇರೆಯವರನ್ನು ಹಿಡಿದಿರುತ್ತಾನೆ.

ಆಗ ಗೇಟಿನ ಬಳಿ ನಿಂತವನೊಬ್ಬ ಹತ್ತಿರ ಬರುತ್ತಾನೆ. ‘ಅಣ್ಣಾ, ಅರ್ಜೆಂಟಾ? ಕೊಡಿ, ಸಂಜೆಗೆ ಮಾಡಿಸ್ಕೊಡ್ತೀನಿ.’ ಮಧ್ಯವರ್ತಿಯನ್ನು ಹೊರಗಟ್ಟಲೆಂದೇ ತಂದ ಕಂಪ್ಯೂಟರು ಕೆಟ್ಟಾಗ ಮಧ್ಯವರ್ತಿಯನ್ನೇ ಮತ್ತೆ ಕರೆತರುತ್ತದೆ. 2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ, 2025ರ ಆರಂಭದಲ್ಲಿ ನೋಂದಣಿ ತಂತ್ರಾಂಶ ‘ಕಾವೇರಿ 2.0’ ಮೇಲೆ ಸೈಬರ್ ದಾಳಿಯಾಗಿ ನೋಂದಣಿ ನಿಂತಾಗ, ಕಾದವರು ಜನ. ಉಳ್ಳವರು ಕಾಯಬಲ್ಲರು. ದಿನಗೂಲಿಯವರು ಕಾಯುವುದಕ್ಕೂ ದುಡ್ಡು ಕೊಡುತ್ತಾರೆ. ಕೆಟ್ಟ ತಂತ್ರಾಂಶ ಬಡವರ ಮೇಲೆ ಹೇರಿದ ತೆರಿಗೆ, ಅದು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ.

ದೂರುವ ಹಕ್ಕು

ಇಲ್ಲಿಗೆ ಮಾತಿನ ಸ್ವಾತಂತ್ರ್ಯದ ಪ್ರಶ್ನೆ ಬರುತ್ತದೆ. ತಂತ್ರಾಂಶಕ್ಕೂ ಸಂವಿಧಾನದ 19ನೆಯ ವಿಧಿಗೂ ಏನು ಸಂಬಂಧ ಎಂದು ಕೇಳಬಹುದು. ಹೊರೈಜನ್‌ನ ಕಥೆಯೇ ಅದಕ್ಕೆ ಉತ್ತರ. ಅಲ್ಲಿ ತಪ್ಪು ಹೊರಬಂದದ್ದು ಮಾತಾಡಿದವರಿಂದ, ಅಚ್ಚು ಹಾಕಿದ ಪತ್ರಿಕೆಯಿಂದ, ಬಾಯಿಬಿಟ್ಟ ಎಂಜಿನಿಯರಿಂದ. ತಪ್ಪಿದೆ ಎಂದು ನಿರ್ಭಯವಾಗಿ ಹೇಳುವ ವಾತಾವರಣ ಇಲ್ಲದ ಕಡೆ ಗುಣಮಟ್ಟ ಎಂಬುದು ಹುಟ್ಟುವುದೇ ಇಲ್ಲ.

ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಇತ್ತು. ಆನ್‌ಲೈನ್‌ನಲ್ಲಿ ಕಿರಿಕಿರಿ ಉಂಟುಮಾಡುವ ಮಾತಿಗೂ ಮೂರು ವರ್ಷದವರೆಗೆ ಜೈಲು ಎನ್ನುತ್ತಿತ್ತು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಂದು ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ ಅದನ್ನು ಮೆಚ್ಚಿದ ಗೆಳತಿಯನ್ನೂ ಬಂಧಿಸಿದರು. ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2015ರ ಮಾರ್ಚ್ 24ರಂದು ನ್ಯಾಯಾಲಯ ಆ ಸೆಕ್ಷನ್ ಅನ್ನು ಪೂರ್ತಿ ರದ್ದು ಮಾಡಿತು. ಕಿರಿಕಿರಿ ಮಾಡದ ದೂರು ಎಲ್ಲಿಯಾದರೂ ಉಂಟೇ? ಆದರೂ ಸತ್ತ ಆ ಸೆಕ್ಷನ್ ಅಡಿಯಲ್ಲೇ ಮತ್ತೆ ಮತ್ತೆ ಪ್ರಕರಣಗಳು ದಾಖಲಾದವು. ಯಾರ ಮೇಲೂ ಹೂಡಕೂಡದು ಎಂದು ನ್ಯಾಯಾಲಯ 2022ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಕಾನೂನು ಹೋದರೂ ಅಂಜಿಕೆ ಹೋಗಿಲ್ಲ. ಕಚೇರಿಯ ಕಿಟಕಿಯಲ್ಲಿ ಮೊಬೈಲ್ ಹಿಡಿದವರಿಗೆ ‘ವಿಡಿಯೊ ಮಾಡ್ಬೇಡ್ರಿ’ ಎಂಬ ಗದರಿಕೆ ಇನ್ನೂ ಕೇಳುತ್ತದೆ. ಸರ್ಕಾರಿ ಜಾಲತಾಣವೊಂದರಲ್ಲಿ ಬಿರುಕು ಕಂಡು ಒಳ್ಳೆಯ ಮನಸ್ಸಿನಿಂದ ತಿಳಿಸಹೊರಟ ಹುಡುಗನಿಗೆ, ಅನುಮತಿಯಿಲ್ಲದೆ ಒಳಗೆ ಇಣುಕಿದ್ದೇ ಅಪರಾಧವೆಂದು ಅದೇ ಕಾಯ್ದೆಯ ಬೇರೆ ಸೆಕ್ಷನ್‌ಗಳು ಎರಗಿದರೆ ಎಂಬ ಭಯ. ಮಾತಿಗೆ ಹೊಣೆ ಇರಬೇಕು, ಸುಳ್ಳು ಸುದ್ದಿಗೆ ಶಿಕ್ಷೆ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಇದು ಕೆಟ್ಟಿದೆ’ ಎಂಬ ನಿಜಕ್ಕೆ ರಕ್ಷಣೆ ಬೇಕು.

ಆಗಬೇಕಾದ್ದು

ಕರ್ನಾಟಕದಲ್ಲಿ ಇದಕ್ಕೆ ಬುನಾದಿ ಆಗಲೇ ಇದೆ. 2011ರ ಸಕಾಲ ಕಾಯ್ದೆಯ ಪ್ರಕಾರ ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ದೇಶಕ್ಕೆ ಮಾದರಿಯಾಗಬಲ್ಲ ಕಾಯ್ದೆ. ಆದರೆ ದಿನದ ಎಣಿಕೆ ಶುರುವಾಗುವುದು ಅರ್ಜಿ ದಾಖಲಾಗಿ 15 ಅಂಕಿಯ ಜಿಎಸ್‌ಸಿ ಎಂಬ ಸ್ವೀಕೃತಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಇಲ್ಲವೆಂದು ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಎಣಿಕೆಯೂ ಇಲ್ಲ, ವಿಳಂಬವೂ ಇಲ್ಲ, ಪರಿಹಾರವೂ ಇಲ್ಲ. ಈ ಕಿಂಡಿ ಮುಚ್ಚಬೇಕು. ಸರ್ವರ್ ಇಲ್ಲದ ದಿನ ಬಂದವರಿಗೆ ಒಂದು ಮುದ್ರಿತ ಚೀಟಿ ಕೊಡಲಿ, ಅಂದಿನಿಂದಲೇ ದಿನ ಎಣಿಸಲಿ.

ಎರಡನೆಯದು, ಪ್ರತಿ ಸರ್ಕಾರಿ ತಂತ್ರಾಂಶ ಯಾವ ದಿನ, ಎಷ್ಟು ಹೊತ್ತು, ಏಕೆ ನಿಂತಿತ್ತು ಎಂಬ ಲೆಕ್ಕ ಜನರಿಗೆ ಕಾಣುವಂತಿರಲಿ. ಅದನ್ನು ಕಟ್ಟಿದವರ ಹೆಸರೂ ಅದರ ಪಕ್ಕದಲ್ಲಿರಲಿ. ಮೂರನೆಯದು, ಬೆರಳಚ್ಚು ಕೂಡದಿದ್ದರೆ ಪುಸ್ತಕದಲ್ಲಿ ಬರೆದು, ಸಾಕ್ಷಿ ಸಹಿ ಪಡೆದು ಅಂದೇ ಅಕ್ಕಿ ಕೊಡಲಿ. ಧಾನ್ಯ ಕೊಡಲಾಗದಿದ್ದರೆ ಭತ್ಯೆ ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆ ಹೇಳಿರುವಾಗ ‘ನಾಳೆ ಬಾ’ ಎನ್ನುವ ಅಧಿಕಾರ ಯಾರಿಗೂ ಇಲ್ಲ. ನಾಲ್ಕನೆಯದು, ನಮ್ಮ ಹೊಸ ಸಾಕ್ಷ್ಯ ಕಾಯ್ದೆಯ 63ನೆಯ ಸೆಕ್ಷನ್ ಕಂಪ್ಯೂಟರ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಆ ಪ್ರಮಾಣಪತ್ರ ಬರಿಯ ಸಹಿಯಾಗದಿರಲಿ. ಯಂತ್ರದ ಮಾತಿನ ಮೇಲೆ ಮನುಷ್ಯನನ್ನು ಜೈಲಿಗೆ ಕಳಿಸುವ ಮುನ್ನ ಯಂತ್ರದ ತಪ್ಪುಗಳ ಪಟ್ಟಿಯೂ ನ್ಯಾಯಾಲಯದ ಮೇಜಿನ ಮೇಲಿರಲಿ.

ಬೆಂಗಳೂರಿನ ಎಂಜಿನಿಯರ್ ಮಿತ್ರರಲ್ಲಿ ಒಂದು ವಿನಂತಿ. ರಿಲೀಸ್ ದಿನ ಹತ್ತಿರ ಬಂದಾಗ, ಪರೀಕ್ಷೆ ಸಾಕು ಎಂದು ಮೇಲಿನಿಂದ ಒತ್ತಡ ಬಂದಾಗ, ಸಾಲಿನಲ್ಲಿರುವ ಆ ಚೀಲಗಳನ್ನು ನೆನೆಯಿರಿ. ಇನ್ನೂ ಸರಿಯಾಗಿಲ್ಲ ಎಂದು ಬರವಣಿಗೆಯಲ್ಲಿ ಹೇಳಿ. ನಿಮ್ಮ ಆ ಒಂದು ಇಮೇಲ್ ಯಾರದೋ ಎರಡು ದಿನದ ಕೂಲಿಯನ್ನು ಉಳಿಸುತ್ತದೆ.

ಓದುಗರಿಗೆ ಹೇಳುವುದೂ ಅಷ್ಟೇ. ಮುಂದಿನ ಸಲ ಕಿಟಕಿಯಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರೆ, ಜಗಳ ಬೇಡ, ಅದನ್ನೇ ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆದುಕೊಡಿ ಎಂದು ಕೇಳಿ. ಹಿಂತಿರುಗಿ ಸಾಲಿನಲ್ಲಿರುವವರನ್ನು ವಿಚಾರಿಸಿ, ತೊಂದರೆ ನಿಮಗೊಬ್ಬರಿಗೇ ಅಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಬರೆಯಲು ಬಾರದವರ ಪರವಾಗಿ ನೀವು ಬರೆಯಿರಿ.